ಹಸಿರು ಗೆರೆಯ ಕರೆಗಂಟೆ

ಮಧ್ಯಾಹ್ನ ನಾಲ್ಕು ಗಂಟೆಗೆ ಸರಿಯಾಗಿ ಕರೆಗಂಟೆ ಮೂರು ಸಲ ಕೂಗಿತು. ಕತ್ತರಿಯಕ್ಕ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, ಮಂಡಿ ನೋವನ್ನು ಬಯ್ಯುತ್ತ ಹದಿನೆಂಟು ಮೆಟ್ಟಿಲು ಇಳಿದು ಬಾಗಿಲು ತೆಗೆದಳು. ಯಾರೂ ಇರಲಿಲ್ಲ. ಬೀದಿಯ ಬಿಸಿಲು ಹೊಸಿಲಿನವರೆಗೂ ಬಂದು ನಿಂತಿತ್ತು, ಅಷ್ಟೇ. ಎದುರುಗಡೆ ಚಪ್ಪಲಿ ರಿಪೇರಿಯವನು ಬಾಯಲ್ಲಿ ಮೊಳೆ ಕಚ್ಚಿಕೊಂಡು ಅಟ್ಟೆ ಬಡಿಯುತ್ತಿದ್ದ. ಅವನು ತಲೆಯೆತ್ತಿ ನೋಡಿ, ಯಾರೂ ಬಂದಿಲ್ಲ ಎಂದು ಕೈ ತಿರುವಿ ತೋರಿಸಿದ.

ಆ ವಾರದಲ್ಲಿ ಇದು ಐದನೆಯ ಸಲ.

ಬೀದಿಯವರು ಆಕೆಗೆ ಕತ್ತರಿಯಕ್ಕ ಎಂದು ಹೆಸರಿಟ್ಟದ್ದು ಕೈಯಲ್ಲಿದ್ದ ಕತ್ತರಿಯನ್ನು ನೋಡಿ ಅಲ್ಲ, ಬಾಯಲ್ಲಿದ್ದದ್ದನ್ನು ಕೇಳಿ. ಮೂವತ್ತು ವರ್ಷದಿಂದ ಮಹಡಿಯ ಮೇಲಿನ ಒಂದೇ ದೊಡ್ಡ ಕೋಣೆಯಲ್ಲಿ ಹೊಲಿಗೆ ನಡೆಸಿಕೊಂಡು ಬಂದವಳು. ಎರಡು ಮಿಷನ್ನು, ಒಂದು ಕತ್ತರಿಸುವ ಮೇಜು, ಬೀದಿಯ ಕಡೆಯ ಕಿಟಕಿಗೆ ಆತುಕೊಂಡು ಇಸ್ತ್ರಿ ಮೇಜು, ಗೋಡೆಯ ತುಂಬ ದಾರದ ಉಂಡೆಗಳು. ಬೇರೆಯವರ ಕಣ್ಣಿಗೆ ಒಂದೇ ಕೆಂಪಾಗಿ ಕಾಣುವುದರಲ್ಲಿ ಅವಳಿಗೆ ಏಳು ಕೆಂಪು ಕಾಣುತ್ತಿತ್ತು. ಕಣ್ಣು ಹಾಗೆ, ಕಿವಿ ಮಾತ್ರ ಮಿಷನ್ನಿನ ಸದ್ದಿಗೆ ಅರ್ಧ ಸತ್ತುಹೋಗಿತ್ತು. ಕೆಳಗೆ ಬಾಗಿಲು ಬಡಿದರೆ ಕೇಳುತ್ತಿರಲಿಲ್ಲ. ಕಿಟಕಿಯಿಂದ ಬಗ್ಗಿದರೆ ಬಾಗಿಲ ಮೇಲಿನ ಸಜ್ಜಾ ಅಡ್ಡ, ಕೆಳಗೆ ನಿಂತವರು ಕಾಣುತ್ತಿರಲಿಲ್ಲ. ಅದಕ್ಕೇ ಈ ಕರೆಗಂಟೆ ಬಂದದ್ದು. ಬಂದದ್ದು ಎಂದರೆ ಅಂಗಡಿಯಿಂದ ಬಂದದ್ದಲ್ಲ. ಸತ್ತ ತಂಗಿಯ ಕೈಯಿಂದ ಬಂದದ್ದು.

ತಂಗಿ ಇಪ್ಪತ್ತು ವರ್ಷ ಎರಡನೆಯ ಮಿಷನ್ನಿನಲ್ಲಿ ಕೂತು ಹೊಲಿದವಳು. ಗಂಡ ಬೇಗ ಹೋದ. ಒಬ್ಬಳೇ ಮಗಳು. ಮೆತ್ತನೆಯ ಹೆಂಗಸು, ಅಕ್ಕ ಹತ್ತು ಮಾತಾಡಿದರೆ ಒಂದು ಮಾತಾಡುವವಳು. ಎರಡೂವರೆ ವರ್ಷದ ಹಿಂದೆ ಒಂದು ದಿನ ಅವಳು, ಅಂಗಡಿಯ ಬೋರ್ಡು ಹೇಗೂ ಹೊಸದಾಗಿ ಬರೆಸುತ್ತಿದ್ದೇವಲ್ಲ, 'ಅಕ್ಕತಂಗಿ ಟೈಲರ್ಸ್' ಎಂದು ಬರೆಸೋಣವೇ ಎಂದು ಕೇಳಿದಳು. ಕತ್ತರಿಯಕ್ಕ ಬಾಯಲ್ಲಿದ್ದ ಗುಂಡುಸೂಜಿ ಉದುರುವಷ್ಟು ನಕ್ಕುಬಿಟ್ಟಳು. ನಗಬಾರದಿತ್ತು. ಅದು ಅವಳಿಗೆ ಆಗಲೇ ಗೊತ್ತಾಯಿತು, ಆದರೆ ನಕ್ಕದ್ದನ್ನು ವಾಪಸು ನುಂಗುವ ಜಾತಿ ಅವಳದಲ್ಲ.

ಮಾರನೆಯ ದಿನವೇ ಅದು ಆದದ್ದು. ಒಂದು ಹೋಟೆಲಿನ ನಲವತ್ತು ಅಂಗಿ, ಎಲ್ಲ ಮೆರೂನ್ ಬಟ್ಟೆ. ತೋಳು ಮಡಿಚಿ ಹೊಲಿಯುವುದನ್ನು ತಂಗಿಗೆ ಬಿಟ್ಟು ಕತ್ತರಿಯಕ್ಕ ಬಟ್ಟೆ ತರಲು ಹೋಗಿದ್ದಳು. ಬಂದು ನೋಡಿದರೆ ಎಂಬತ್ತು ತೋಳಿಗೂ ಹಸಿರು ದಾರ. ಪರದೆ ಹೊಲಿಯಲು ತಂದಿದ್ದ ಗಿಳಿಹಸಿರು. ಮೆರೂನಿನ ಮೇಲೆ ಗಿಳಿಹಸಿರು ಎಂದರೆ ಕುರುಡರಿಗೂ ಚುಚ್ಚಬೇಕು. ಕತ್ತರಿಯಕ್ಕ ಒಂದು ಅಂಗಿಯನ್ನು ತಂಗಿಯ ಮುಖಕ್ಕೆ ಹಿಡಿದು ಇದೇನಿದು ಎಂದು ಕೇಳಿದಳು. ತಂಗಿ ಅಂಗಿಯನ್ನು ನೋಡಿದಳು, ಅಕ್ಕನನ್ನು ನೋಡಿದಳು.

"ಮೆರೂನ್ ದಾರಾನೇ ಅಲ್ವೇನಕ್ಕ ಇದು?" ಅಂದಳು.

ತಪ್ಪು ಮಾಡಿದ್ದರೆ ಅಕ್ಕ ಬೈದು ಸುಮ್ಮನಾಗುತ್ತಿದ್ದಳು. ಮಾಡಿದ್ದನ್ನು ಎದುರಿಗೆ ನಿಂತು ಅಣಕಿಸಿದರೆ ಯಾರು ತಡೆದುಕೊಂಡಾರು? ನಿನ್ನೆ ನಕ್ಕದ್ದಕ್ಕೆ ಇವತ್ತು ಸೇಡು ಎಂದು ಕತ್ತರಿಯಕ್ಕನಿಗೆ ಅನ್ನಿಸಿತು. ಆ ಹೊತ್ತಿನಲ್ಲಿ ಅವಳ ಬಾಯಿಂದ ಬಂದದ್ದರಲ್ಲಿ ಬರೆಯುವಂಥದ್ದು ಒಂದೇ ಮಾತು. "ನಾನಾಗಿ ಕರೆಯೋ ತನಕ ಈ ಹೊಸಿಲು ತುಳೀಬೇಡ."

ತಂಗಿ ತುಳಿಯಲಿಲ್ಲ. ಊರಾಚೆ ಒಂದು ಸಣ್ಣ ಕಾರ್ಖಾನೆಗೆ ಕೆಲಸಕ್ಕೆ ಸೇರಿದಳು. ಅಲ್ಲಿ ಎಲೆಕ್ಟ್ರಾನಿಕ್ಸ್ ಕಲಿಯುವವರಿಗೆ ಕಿಟ್ ಮಾಡುತ್ತಿದ್ದರು. ಒಂದು ಪ್ಲಾಸ್ಟಿಕ್ ಪೆಟ್ಟಿಗೆ, ಅದರಲ್ಲಿ ಅಂಗೈಯಷ್ಟು ಬೋರ್ಡು, ಕಡಲೆಕಾಳಿನಷ್ಟು ದೀಪಗಳು, ವೈರುಗಳು, ಗುಂಡಿ, ಬಜರ್, ಎಷ್ಟು ಕರೆಂಟು ತಡೆಯುತ್ತವೆಂದು ಮೈಮೇಲಿನ ಬಣ್ಣದ ಗೆರೆಗಳೇ ಹೇಳುವ, ಎಳ್ಳುಕಾಳಿಗಿಂತ ತುಸು ದೊಡ್ಡ ರೆಸಿಸ್ಟರುಗಳು, ಕಲಿಯಲು ಒಂದು ಪುಸ್ತಕ. ಒಂದೊಂದನ್ನೂ ಎಣಿಸಿ ಅದರದರ ಕಾಗದದ ಚೀಲಕ್ಕೆ ಹಾಕಿ, ಪೆಟ್ಟಿಗೆಯ ಖಾನೆಗಳಲ್ಲಿ ಜೋಡಿಸಿ, ಕೊನೆಗೆ ಕಟ್ಟಿದವರ ನಂಬರಿನ ಚೀಟಿ ಇಡಬೇಕು. ಅದು ತಂಗಿಯ ಕೆಲಸ. ಎರಡು ವರ್ಷ ಮಾಡಿದಳು. ಆಮೇಲೆ ಒಂದು ದಿನ ಕೆಲಸದ ಮೇಜಿನ ಮೇಲೆಯೇ ಬಿದ್ದಳು. ತಲೆಯೊಳಗೆ, ಕಣ್ಣಿನ ನರದ ಹಿಂದೆ ಗಡ್ಡೆ. ಬಹಳ ದಿನದಿಂದ ಬೆಳೆದದ್ದು ಎಂದರು ಡಾಕ್ಟರು. ಸುದ್ದಿ ಕೇಳಿ ಕತ್ತರಿಯಕ್ಕ ಆಸ್ಪತ್ರೆಗೆ ಓಡುವಷ್ಟರಲ್ಲಿ ತಂಗಿಗೆ ಮಾತು ನಿಂತಿತ್ತು. ಆರು ದಿನ ಪಕ್ಕದಲ್ಲಿ ಕೂತಳು. ಕೇಳಬೇಕಾದದ್ದು ಒಂದೇ ಇತ್ತು, ಬೇಕಂತಲೇ ಮಾಡಿದೆಯಾ ಎಂದು. ಅದನ್ನೂ ಕೇಳಲಾಗಲಿಲ್ಲ. ಹೌದು ಎಂದರೆ ಕ್ಷಮಿಸುತ್ತಿದ್ದಳು. ಅಲ್ಲ ಎಂದರೆ ಏನು ಮಾಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ.

ತಂಗಿ ಹೋಗಿ ಒಂದು ತಿಂಗಳಾದ ಮೇಲೆ ಅವಳ ಮಗಳು ಕಿಟ್ಟಿನ ಪೆಟ್ಟಿಗೆಯೊಂದನ್ನು ಹಿಡಿದು ಬಂದಳು. ಇಪ್ಪತ್ತನಾಲ್ಕು ವರ್ಷದ ಹುಡುಗಿ, ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುವವಳು, ಕತ್ತರಿಯಕ್ಕನಿಗೆ ಮಾತ್ರ ಇನ್ನೂ ಪುಟ್ಟಿ. ಅಮ್ಮನ ಬೀರು ಖಾಲಿ ಮಾಡುವಾಗ ಸಿಕ್ಕಿತಂತೆ. ಮುಚ್ಚಳದ ಮೇಲೆ ತಂಗಿಯ ಅಕ್ಷರ: 'ಅಕ್ಕನಿಗೆ. ಪುಟ ಹನ್ನೊಂದು.' ಒಳಗೆ ಚೀಟಿ: 'ಕಟ್ಟಿದವರು: ಹದಿನೇಳು.' ಹದಿನೇಳು ಎಂದರೆ ತಂಗಿಯೇ.

ಪುಟ ಹನ್ನೊಂದರಲ್ಲಿ ಕರೆಗಂಟೆ ಮಾಡುವ ಪಾಠ ಇತ್ತು.

ಒಂದು ಭಾನುವಾರ ಇಬ್ಬರೂ ಕತ್ತರಿಸುವ ಮೇಜಿನ ಮೇಲೆ ಅದನ್ನು ಹರಡಿಕೊಂಡು ಕೂತರು. ಪುಟ್ಟಿ ಲ್ಯಾಪ್‌ಟಾಪ್ ತಂದಿದ್ದಳು. ತೂತು ತೂತಿನ ಬಿಳಿ ಹಲಗೆಯೊಂದನ್ನು ತೆಗೆದು, ಇದರಲ್ಲಿ ಬಿಡಿಭಾಗಗಳ ತಂತಿಯ ಕಾಲು ಸಿಕ್ಕಿಸಿದರೆ ಬೆಸುಗೆ ಬೇಕಿಲ್ಲ ಎಂದಳು. ಸೂಜಿಗೆ ದಾರ ಪೋಣಿಸುವ ಕೈಗೆ ಅದೇನು ಕಷ್ಟ? ಕತ್ತರಿಯಕ್ಕ ಟಕಟಕ ಸಿಕ್ಕಿಸಿದಳು. ಕೊನೆಗೆ ಪುಟ್ಟಿ '10 ಸಾವಿರ' ಎಂದು ಅಚ್ಚಾಗಿದ್ದ ಕಾಗದದ ಚೀಲದಿಂದ ಒಂದು ರೆಸಿಸ್ಟರ್ ತೆಗೆದುಕೊಟ್ಟಳು. ಇದು ಯಾಕೆ, ಗುಂಡಿಗೂ ಬಜರಿಗೂ ವೈರು ಆಯಿತಲ್ಲ ಎಂದು ಕತ್ತರಿಯಕ್ಕ ಕೇಳಿದಳು.

"ಗುಂಡಿ ಒತ್ತದೇ ಇದ್ದಾಗ ಆ ವೈರಿಗೆ ಹೇಳೋರು ಕೇಳೋರು ಇರಲ್ಲ ದೊಡ್ಡಮ್ಮ. ತ್ರಿಶಂಕು ಥರ ತೂಗಾಡ್ತಾ ಇರುತ್ತೆ. ಪಕ್ಕದಲ್ಲಿ ಕರೆಂಟು ಹರಿದ್ರೂ ಯಾರೋ ಕರೆದ್ರು ಅಂದ್ಕೊಂಡುಬಿಡುತ್ತೆ. ಈ ರೆಸಿಸ್ಟರ್ ಅದರ ಕಾಲು ಹಿಡಿದು ನೆಲಕ್ಕೆ ಕೂರಿಸುತ್ತೆ."

"ಅಂದ್ರೆ ನನ್ನ ಥರ ಅನ್ನು. ಮನೇಲಿ ಒಬ್ಬರು ಗದರಿಸಿ ಕೂರಿಸೋರು ಇರಬೇಕು."

ಪುಟ್ಟಿ ನಕ್ಕಳು. ತಾಯಿ ಹೋದ ಮೇಲೆ ಆ ಮನೆಯಲ್ಲಿ ನಕ್ಕದ್ದು ಅದೇ ಮೊದಲು. ಶಾಲೆಯಲ್ಲಿ ಒಂದೊಂದು ಮಗುವಿನ ಬೋರ್ಡನ್ನೂ ಹತ್ತು ಸಲ ನೋಡಿ ತಪ್ಪು ಹುಡುಕುವವಳು ಆ ದಿನ ಚೀಲದ ಮೇಲಿನ ಅಂಕಿ ನೋಡಿದಳೇ ಹೊರತು ಒಳಗಿದ್ದದ್ದನ್ನು ನೋಡಲಿಲ್ಲ. ಅಮ್ಮ ಕಟ್ಟಿದ ಪೆಟ್ಟಿಗೆ, ನೋಡುವುದೇನು?

ಪುಟ್ಟಿ ಲ್ಯಾಪ್‌ಟಾಪಿನಿಂದ ಬೋರ್ಡಿಗೆ ಹಾಕಿದ ಪ್ರೋಗ್ರಾಂ ಪುಸ್ತಕದಲ್ಲಿ ಇದ್ದದ್ದೇ. ಗುಂಡಿ ಒತ್ತಿದರೆ ಬಜರ್ ಎರಡು ಸಲ ಕೂಗಬೇಕು. ನನ್ನ ಕಿವಿಗೆ ಎರಡು ಸಾಲದು ಎಂದು ಕತ್ತರಿಯಕ್ಕ ತಾನೇ ಎರಡನ್ನು ಅಳಿಸಿ ಮೂರು ಮಾಡಿದಳು. ಒಂದು ಅಂಕಿ. ಆದರೂ ಆ ವಾರ ಬಂದ ಗಿರಾಕಿಗಳಿಗೆಲ್ಲ ಪ್ರೋಗ್ರಾಂ ಬರೆದವಳು ನಾನೇ ಎಂದು ಹೇಳಿಕೊಂಡಳು. ಬೋರ್ಡು ಮಹಡಿಯ ಮೇಲೆ, ಗುಂಡಿ ಕೆಳಗೆ ಬಾಗಿಲ ಚೌಕಟ್ಟಿನಲ್ಲಿ. ನಡುವೆ ಉದ್ದಕ್ಕೆ ವೈರು ಬೇಕಾಯಿತು. ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗಿಗೆ ಬರುವ ಕರೆಂಟಿನ ವೈರು ಹೊತ್ತ ಪಟ್ಟಿ ಮೆಟ್ಟಿಲ ಗೋಡೆಯ ಮೇಲೆ ಮೊದಲೇ ಇತ್ತು. ಅದರ ಪಕ್ಕಕ್ಕೇ ಸೇರಿಸಿ ಇದನ್ನೂ ಮೊಳೆ ಹೊಡೆದರು. ಅಚ್ಚುಕಟ್ಟಾಗಿ ಕಂಡಿತು.

ಮಾರನೆಯ ದಿನ ಸೋಮವಾರ. ನಾಲ್ಕು ಗಂಟೆಗೆ ಕರೆಗಂಟೆ ಕೂಗಿತು. ಯಾರೂ ಇರಲಿಲ್ಲ.

ಮೊದಮೊದಲು ಸಿಟ್ಟು ಬಂತು. ಬೀದಿಯಲ್ಲಿ ಹೋಗಿ ಬರುವ ಪೋಲಿಗಳ ಕೆಲಸ ಎಂದು ಕತ್ತರಿಯಕ್ಕ ಇಸ್ತ್ರಿ ಪೆಟ್ಟಿಗೆಯನ್ನು ಮೇಲೆ ಕಾಯಲು ಬಿಟ್ಟು, ಬಾಗಿಲ ಹಿಂದೆ ಗಜಕಡ್ಡಿ ಹಿಡಿದು ಅರ್ಧ ಗಂಟೆ ಕಾದಳು. ಗುಂಡಿಯ ಹತ್ತಿರ ಯಾರೂ ಸುಳಿಯಲಿಲ್ಲ, ಮೇಲೆ ಬಜರ್ ಮಾತ್ರ ಕೂಗಿತು. ಕತ್ತರಿಯಕ್ಕ ಗಜಕಡ್ಡಿ ಕೆಳಗಿಟ್ಟಳು. ಗುಂಡಿಯನ್ನು ತಾನೇ ಕಣ್ಣಾರೆ ನೋಡುತ್ತಿದ್ದಾಳೆ. ಒತ್ತಿದವರಿಲ್ಲ, ಕರೆ ಮಾತ್ರ ಬಂದಿದೆ.

ಭಾನುವಾರ ಪುಟ್ಟಿ ಬಂದಳು. ದಿನವಿಡೀ ಕಾದರೂ ಗಂಟೆ ಒಮ್ಮೆಯೂ ಕೂಗಲಿಲ್ಲ. ಪುಟ್ಟಿ ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿದಳು, ಮತ್ತೆ ಬೋರ್ಡಿಗೆ ಹಾಕಿದಳು, ಗುಂಡಿಯನ್ನು ಐವತ್ತು ಸಲ ಒತ್ತಿದಳು. ಎಲ್ಲ ಸರಿ ಇದೆಯಲ್ಲ ದೊಡ್ಡಮ್ಮ ಎಂದಳು. ಅವಳು ಹೋದಳು. ಸೋಮವಾರ ನಾಲ್ಕಕ್ಕೆ ಮತ್ತೆ ಮೂರು ಕೂಗು. ಮುಂದಿನ ಭಾನುವಾರವೂ ಹೀಗೆಯೇ ಆಯಿತು. ತನ್ನ ಮಗಳು ಇಲ್ಲಿದ್ದ ದಿನ ತಂಗಿ ಬರುವುದಿಲ್ಲ, ನಾನೊಬ್ಬಳೇ ಇದ್ದಾಗ ಬರುತ್ತಾಳೆ. ಅಂದರೆ ಲೆಕ್ಕ ಇರುವುದು ನನ್ನ ಜೊತೆಗೆ. ಹೀಗೆ ಯೋಚಿಸಿದ ಮೇಲೆ ಕತ್ತರಿಯಕ್ಕನಿಗೆ ಅನ್ನ ಸೇರದಾಯಿತು. ದೆವ್ವ ಭೂತ ಎಂದವರನ್ನು ಮುಖಕ್ಕೆ ಹೊಡೆದ ಹಾಗೆ ಮಾತಾಡಿಸಿದವಳು ಈಗ ಮೂರೂವರೆಯಾಗುತ್ತಲೂ ಗಡಿಯಾರ ನೋಡುತ್ತಿದ್ದಳು. ಗೋಡೆಯ ಮೇಲಿನ ಗಿಳಿಹಸಿರು ಉಂಡೆಗೆ ಒಂದು ಬಟ್ಟೆ ಹೊದಿಸಿದಳು. ಗಿರಾಕಿಗಳ ಅಳತೆಯಲ್ಲಿ ತಪ್ಪುಗಳಾದವು. ಒಬ್ಬ ಹೆಂಗಸಿನ ಕುಪ್ಪಸಕ್ಕೆ ಎಡತೋಳನ್ನೇ ಎರಡೂ ಕಡೆ ಇಟ್ಟಳು.

ಅದಾದ ವಾರದಲ್ಲಿ ಐದನೆಯ ಸಲ ಕೂಗಿದ ಆ ಮಧ್ಯಾಹ್ನ ಅವಳು ಬಾಗಿಲು ಹಾಕಿಕೊಳ್ಳದೆ ನೇರ ಬೀದಿ ದಾಟಿ ಚಪ್ಪಲಿಯವನ ಮುಂದೆ ನಿಂತಳು. ನೀನು ಇಡೀ ದಿನ ನನ್ನ ಬಾಗಿಲ ಕಡೆಗೇ ಮುಖ ಮಾಡಿ ಕೂರುವವನು, ನಾಲ್ಕು ಗಂಟೆಗೆ ಅಲ್ಲಿಗೆ ಯಾರು ಬರುತ್ತಾರೆ ನಿಜ ಹೇಳು ಎಂದಳು.

ಅವನು ಬಾಯಲ್ಲಿದ್ದ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡ. "ಈಗ ಯಾರೂ ಬರಲ್ಲಕ್ಕ," ಅಂದ.

"ಈಗ ಅಂದ್ರೆ?"

ಅವನು ಪಕ್ಕದಲ್ಲಿದ್ದ ಕಬ್ಬಿಣದ ಸ್ಟೂಲನ್ನು ತೋರಿಸಿದ. "ಹೋದ ವರ್ಷ ಕಾರ್ಖಾನೆಗೆ ರಜೆ ಇದ್ದಾಗೆಲ್ಲ ನಿಮ್ಮ ತಂಗಿ ಬಂದು ಇಲ್ಲಿ ಕೂರ್ತಿದ್ರು. ನಾಲ್ಕಕ್ಕೆ. ಚಪ್ಪಲಿ ಹೊಲಿಸೋ ನೆಪ. ಒಂದೇ ಚಪ್ಪಲಿಗೆ ನಾಲ್ಕು ಸಲ ಹೊಲಿಗೆ ಹಾಕಿದೀನಿ, ಅದು ಹರಿದೇ ಇರಲಿಲ್ಲ. ಆ ಹೊತ್ತಿಗೆ ನೀವು ಮೇಲೆ ಕಿಟಕಿ ಹತ್ರ ನಿಂತು ಇಸ್ತ್ರಿ ಮಾಡ್ತೀರಲ್ಲ, ನೋಡ್ತಾ ಕೂರೋರು. ನಿಮ್ಮ ಇಸ್ತ್ರಿ ಮುಗೀತು ಅಂದ್ರೆ ಎದ್ದು ಹೋಗೋರು."

ಕತ್ತರಿಯಕ್ಕ ತಿರುಗಿ ತನ್ನ ಕಿಟಕಿ ನೋಡಿದಳು. ಇಲ್ಲಿಂದ ಇಸ್ತ್ರಿ ಮೇಜು, ಅದರ ಮೇಲಿನ ದೀಪ, ಗೋಡೆಯ ಮೇಲಿನ ಉಂಡೆಗಳು ಎಲ್ಲ ಕಾಣುತ್ತಿದ್ದವು. ಮೂವತ್ತು ವರ್ಷದಲ್ಲಿ ಅವಳು ತನ್ನ ಕಿಟಕಿಯನ್ನು ಹೊರಗಿನಿಂದ ನಿಂತು ನೋಡಿರಲಿಲ್ಲ.

ಇಷ್ಟು ದಿನ ಯಾಕಯ್ಯಾ ಬಾಯಿ ಬಿಡಲಿಲ್ಲ ಎಂದು ಕೇಳಿದಳು. ತಂಗಿಯ ಹೆಸರೆತ್ತಿದ್ದಕ್ಕೆ ಹಾಲಿನವನ ಮೇಲೆ ಚೊಂಬು ಎಸೆದದ್ದು ಬೀದಿಗೆಲ್ಲ ಗೊತ್ತಿದೆ, ತನ್ನ ತಲೆಗೆ ಅಷ್ಟು ಗಟ್ಟಿ ಬುರುಡೆ ಇಲ್ಲ ಎಂದ ಅವನು. ಆಮೇಲೆ ಮೊಳೆಗಳನ್ನು ಎಣಿಸುವವನಂತೆ ಅಂಗೈ ನೋಡುತ್ತ ಹೇಳಿದ. "ಹೋಗಿ ಮಾತಾಡ್ಸಿ ಅಂತ ಒಂದ್ಸಲ ನಾನೇ ಅಂದೆ. 'ಅಕ್ಕ ಕರೀಲಿ, ಹೋಗ್ತೀನಿ' ಅಂದ್ರು."

ಅವಳು ಹೇಗೆ ಬೀದಿ ದಾಟಿದಳೋ, ಹೇಗೆ ಮೆಟ್ಟಿಲು ಹತ್ತಿದಳೋ. ಮೇಲೆ ಬಂದು ಇಸ್ತ್ರಿ ಪೆಟ್ಟಿಗೆ ಮುಟ್ಟುವಷ್ಟರಲ್ಲಿ ಬಜರ್ ಮತ್ತೆ ಮೂರು ಸಲ ಕೂಗಿತು. ಆಗ ತಲೆ ಕೆಟ್ಟಿತು. ಬೋರ್ಡಿನ ವೈರನ್ನು ಕಿತ್ತೆಸೆದು, ತೂತಿನ ಹಲಗೆಯನ್ನು ಮೇಜಿನ ಮೇಲೆ ಕುಕ್ಕಿ, ಸಿಕ್ಕಿಸಿದ್ದನ್ನೆಲ್ಲ ಒಂದೊಂದಾಗಿ ಕೀಳತೊಡಗಿದಳು. ಸತ್ತ ಮೇಲೂ ಹೀಗೆ ಕಾಡುವುದಾದರೆ ಬದುಕಿದ್ದಾಗ ಒಂದು ಸಲ ಬಾಗಿಲು ಬಡಿಯಬಾರದಿತ್ತೇ? ನಾನು ಬಾಯಿಬಡುಕಿ. ನಿನಗೆ ಗೊತ್ತಿರಲಿಲ್ಲವೇ? ಹೀಗೆ ಬೈಯುತ್ತ ಕಿತ್ತಳು, ಕಣ್ಣೀರು ಮೂಗಿನ ತುದಿಯಿಂದ ಹಲಗೆಯ ಮೇಲೆ ಬೀಳುತ್ತಿತ್ತು.

ಕೊನೆಗೆ ಕೈಗೆ ಬಂದದ್ದು ಆ ರೆಸಿಸ್ಟರ್. ಸಿಟ್ಟು ಬಂದಾಗಲೂ ಬಿಸಾಡುವ ಮುನ್ನ ಬಣ್ಣ ನೋಡುವುದು ಅವಳ ಹುಟ್ಟುಗುಣ. ಕಂದು, ಕಪ್ಪು, ಹಸಿರು ಗೆರೆ. ಪಕ್ಕದಲ್ಲಿ ಪುಸ್ತಕ ಪುಟ ಹನ್ನೊಂದಕ್ಕೇ ತೆರೆದು ಬಿದ್ದಿತ್ತು. ಅಲ್ಲಿನ ಚಿತ್ರದಲ್ಲಿ ಕಂದು, ಕಪ್ಪು, ಕಿತ್ತಳೆ.

ಅವಳು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಅಚ್ಚಿನ ದೋಷ ಇರಬಹುದೇ ಎಂದು ಕಿಟಕಿಯ ಬೆಳಕಿಗೆ ಹಿಡಿದಳು. ಹಸಿರು. ಪೆಟ್ಟಿಗೆಯಿಂದ '10 ಸಾವಿರ' ಚೀಲ ತೆಗೆದು ಮೇಜಿನ ಮೇಲೆ ಸುರಿದಳು. ಒಂಬತ್ತೂ ಹಸಿರು. ಪೆಟ್ಟಿಗೆಯ ಪಕ್ಕದ ಖಾನೆಯಲ್ಲಿ '10 ಲಕ್ಷ' ಎಂದು ಬರೆದಿದ್ದ ಚೀಲ ಇತ್ತು. ಅದನ್ನೂ ಸುರಿದಳು. ಹತ್ತೂ ಕಿತ್ತಳೆ. ಪುಸ್ತಕದ ಪ್ರಕಾರ ಇದು ಅಲ್ಲಿರಬೇಕು, ಅದು ಇಲ್ಲಿರಬೇಕು. ಎಣಿಕೆ ಒಂದೂ ತಪ್ಪಿಲ್ಲ, ಜೋಡಿಸಿದ್ದು ಒಂದಿಷ್ಟೂ ಸೊಟ್ಟಗಿಲ್ಲ. ಕೆಂಪಿನ ಕಡೆಯ ಬಣ್ಣ ಇರಬೇಕಾದಲ್ಲಿ ಹಸಿರು ಕೂತಿದೆ.

ಎಲ್ಲೋ ನೋಡಿದ್ದು ಇದು.

ಮಂಚದ ಕೆಳಗಿನ ಟ್ರಂಕಿನಲ್ಲಿ ಆ ನಲವತ್ತು ಅಂಗಿಗಳಲ್ಲಿ ಒಂದು ಇತ್ತು. ಮೂವತ್ತೊಂಬತ್ತನ್ನು ಬಿಚ್ಚಿ ಹೊಲಿದು ಹೋಟೆಲಿಗೆ ಕೊಟ್ಟಿದ್ದಳು, ಇದೊಂದನ್ನು ಸಾಕ್ಷಿಗೆಂದು ಇಟ್ಟುಕೊಂಡಿದ್ದಳು. ತಂಗಿ ಎಂದಾದರೂ ಬಂದು ಕ್ಷಮೆ ಕೇಳಿದರೆ ಮುಖಕ್ಕೆ ಹಿಡಿಯಬೇಕಲ್ಲ. ಈಗ ಅದನ್ನು ತೆಗೆದು ತೋಳು ತಿರುಗಿಸಿ ಕಿಟಕಿಯ ಬಳಿ ನಿಂತಳು. ಅಂದು ನೋಡಿದ್ದು ದಾರದ ಬಣ್ಣವನ್ನು ಮಾತ್ರ. ಇಂದು ಹೊಲಿಗೆಯನ್ನು ನೋಡಿದಳು. ಸಿಟ್ಟಿನಲ್ಲಿ ಹೊಲಿದರೆ ದಾರ ಬಿಗಿದು ಬಟ್ಟೆ ಸುಕ್ಕುಗಟ್ಟುತ್ತದೆ, ಅದು ಹೊಲಿಗೆ ಬಲ್ಲವರಿಗೆಲ್ಲ ಗೊತ್ತು. ಇಲ್ಲಿ ಒಂದು ಸುಕ್ಕಿಲ್ಲ. ಇರುವೆ ಸಾಲಿನ ಹಾಗೆ ನೆಟ್ಟಗೆ, ಸಮವಾಗಿ, ತುದಿಯಲ್ಲಿ ಗಂಟು ಸಹ ಒಳಗೆ ಮುಚ್ಚಿ. ಕೆಡಿಸಬೇಕೆಂದು ಹೊಲಿದವರು ಗಂಟು ಮುಚ್ಚುತ್ತಾರೆಯೇ?

"ಮೆರೂನ್ ದಾರಾನೇ ಅಲ್ವೇನಕ್ಕ ಇದು?"

ಅಣಕವಲ್ಲ. ಕೇಳಿದ್ದಳು ಅಷ್ಟೇ. ಗೊತ್ತಾಗದೆ ಕೇಳಿದ್ದಳು.

ಮಾರನೆಯ ದಿನ ಬೆಳಿಗ್ಗೆ ಕತ್ತರಿಯಕ್ಕ ಅಂಗಡಿಗೆ ಬೀಗ ಹಾಕಿ, ಎರಡು ಬಸ್ಸು ಬದಲಾಯಿಸಿ ಕಾರ್ಖಾನೆಗೆ ಹೋದಳು. ತಗಡಿನ ಚಾವಣಿಯ ಉದ್ದನೆಯ ಹಾಲ್‌, ಎರಡು ಸಾಲು ಮೇಜು, ಹೆಂಗಸರು ತಲೆ ಬಗ್ಗಿಸಿ ಚೀಲಗಳಿಗೆ ತುಂಬುತ್ತಿದ್ದರು. ಯಾರ ಬಾಯಲ್ಲೂ ಮಾತಿಲ್ಲ, ಎಣಿಸುವವರು ಮಾತಾಡುವಂತಿಲ್ಲ. ಹದಿನೇಳು ಎಂದು ಅಂಟಿಸಿದ್ದ ಕುರ್ಚಿ ಖಾಲಿ ಇತ್ತು. ಆ ಕೋಣೆಯಲ್ಲಿ ಖಾಲಿ ಇದ್ದದ್ದು ಅದೊಂದೇ.

ಮೇಲ್ವಿಚಾರಕಿ ವಯಸ್ಸಾದ ಹೆಂಗಸು. ಹದಿನೇಳನೆಯ ನಂಬರಿನವಳ ಅಕ್ಕ ಎಂದ ತಕ್ಷಣ ಎದ್ದು ನಿಂತಳು. ಹೊರಗೆ ನೀರಿನ ತೊಟ್ಟಿಯ ಹತ್ತಿರ ಕರೆದುಕೊಂಡು ಹೋಗಿ ಎಲ್ಲ ಹೇಳಿದಳು. ಹೋದ ವರ್ಷ ಮೂರು ಕಿಟ್ ವಾಪಸು ಬಂದವಂತೆ. ಒಂದರಲ್ಲಿ ದೀಪ ಸುಟ್ಟಿತ್ತು, ಎರಡರಲ್ಲಿ ಗುಂಡಿ ಒತ್ತದೆಯೇ ಗಂಟೆ ಕೂಗುತ್ತಿತ್ತು. ಮೂರರಲ್ಲೂ ಹದಿನೇಳರ ಚೀಟಿ.

"ಎರಡು ರೆಸಿಸ್ಟರ್ ಎದುರಿಗಿಟ್ಟು, ಇದರಲ್ಲಿ ಹಸಿರು ಯಾವುದಮ್ಮ ಅಂತ ಕೇಳಿದೆ. ಅವಳು ರೆಸಿಸ್ಟರ್ ನೋಡಲಿಲ್ಲ, ನನ್ನ ಮುಖ ನೋಡಿದಳು. ನನ್ನ ಕಣ್ಣು ಯಾವ ಕಡೆ ಹೋಗುತ್ತೆ ಅಂತ. ಆಗ ಗೊತ್ತಾಯ್ತು ನನಗೆ. ಅವಳಿಗೂ ಆಗಲೇ ಗೊತ್ತಾಗಿದ್ದು. ಎರಡೂ ಕೆಸರಿನ ಬಣ್ಣ ಕಾಣುತ್ತೆ ಅಂದಳು. ಆಮೇಲೆ 'ಹಾಗಾದ್ರೆ ಅಂಗಿ ನಾನೇ ಕೆಡಿಸಿದ್ದು, ಅಕ್ಕ ಬೈದಿದ್ದು ಸರಿ' ಅಂದಳು. ಯಾವ ಅಂಗಿ ಅಂತ ನಾನು ಕೇಳಲಿಲ್ಲ."

ಕಣ್ಣಿನ ಡಾಕ್ಟರಿಗೆ ತೋರಿಸು ಎಂದು ಮೇಲ್ವಿಚಾರಕಿ ಹೇಳಿದ್ದಳಂತೆ, ವಯಸ್ಸಾಯಿತಲ್ಲ ಎಂದು ತಂಗಿ ಮುಂದೂಡಿದಳಂತೆ. ಮಗಳಿಗೆ ಹೇಳಬೇಡಿ ಎಂದು ಕೈ ಮುಗಿದಳಂತೆ. ಅವಳನ್ನು ಬಣ್ಣ ಬೇಡದ ಕೆಲಸಕ್ಕೆ, ಪುಸ್ತಕ ಮತ್ತು ಗುಂಡಿ ಎಣಿಸುವುದಕ್ಕೆ ಹಾಕಿದರಂತೆ. ಹಾಗಾದರೆ ನನ್ನ ಪೆಟ್ಟಿಗೆ ಕಟ್ಟಿದ್ದು ಯಾವಾಗ ಎಂದು ಕತ್ತರಿಯಕ್ಕ ಕೇಳಿದಳು.

ಅದು ಆಮೇಲೆ. ವರ್ಷಕ್ಕೊಂದು ಸಲ ಕೆಲಸದವರು ಮನೆಗೆಂದು ಒಂದು ಕಿಟ್ ಕಟ್ಟಿಕೊಳ್ಳಬಹುದು. ತಂಗಿ ತನ್ನ ಕೈಯಾರೆ ಕಟ್ಟುತ್ತೇನೆ ಎಂದಳು. "ಕೊಡು, ಬಣ್ಣ ನಾನು ನೋಡ್ತೀನಿ ಅಂದೆ," ಎಂದಳು ಮೇಲ್ವಿಚಾರಕಿ. "'ಬೇಡ, ನಮ್ಮಕ್ಕ ನೋಡ್ತಾಳೆ. ಬಣ್ಣದ ವಿಷಯ ಅವಳಿಗೆ ಬಿಡಿ' ಅಂದಳು. ನಕ್ಕೊಂಡೇ ಹೇಳಿದಳು."

ಬಸ್ಸಿನಲ್ಲಿ ಬರುವಾಗ ಕತ್ತರಿಯಕ್ಕ ಅಳಲಿಲ್ಲ. ಪಕ್ಕದವರು ಸ್ವಲ್ಪ ಸರಿಯಿರಿ ಎಂದರೆ ಸರಿದಳು, ಬೈಯಲಿಲ್ಲ. ಗೊತ್ತಾಗಬೇಕಾದದ್ದು ಗೊತ್ತಾಗಿತ್ತು. ಬೇಕಂತಲೇ ಮಾಡಿದ್ದಲ್ಲ. ಎರಡೂವರೆ ವರ್ಷ ಹಿಡಿದುಕೊಂಡು ಕೂತಿದ್ದ ಸಿಟ್ಟನ್ನು ಈಗ ಇಡುವುದೆಲ್ಲಿ? ಗಡ್ಡೆ ಬೆಳೆಯುತ್ತಿದೆ ಎಂದು ಮೊದಲು ಹೇಳಿದ್ದು ಆ ಎಂಬತ್ತು ತೋಳುಗಳು. ಏಳು ಕೆಂಪು ಕಾಣುವ ಕಣ್ಣಿಗೆ ಅದು ಕಾಣಲಿಲ್ಲ.

ಭಾನುವಾರ ಪುಟ್ಟಿಗೆ ಎಲ್ಲ ಹೇಳಿದಳು. ಪುಟ್ಟಿ ಚೀಲಗಳನ್ನು ನೋಡಿದಳು, ಮೆಟ್ಟಿಲ ಗೋಡೆಯ ಮೇಲೆ ಜೊತೆಯಾಗಿ ಇಳಿದ ಎರಡು ವೈರುಗಳನ್ನು ನೋಡಿದಳು. ಆಮೇಲೆ ಇಸ್ತ್ರಿ ಪೆಟ್ಟಿಗೆ ಹಚ್ಚಿ ಎಂದಳು. ಹಚ್ಚಿದರು. ಕಿತ್ತದ್ದನ್ನೆಲ್ಲ ಮತ್ತೆ ಜೋಡಿಸಿ, ಹಸಿರು ಗೆರೆಯದನ್ನೇ ಸಿಕ್ಕಿಸಿ ಕಾದರು. ಪೆಟ್ಟಿಗೆ ಕಾದು ಟಕ್ ಎಂದು ತಾನಾಗಿ ಆರಿತು. ಆ ಕ್ಷಣಕ್ಕೇ ಬಜರ್ ಮೂರು ಸಲ ಕೂಗಿತು. ನಾಲ್ಕು ಗಂಟೆಯ ಗುಟ್ಟು ಅದು. ಭಾನುವಾರ ಇಸ್ತ್ರಿ ಇಲ್ಲ, ಕೂಗೂ ಇಲ್ಲ. ಹತ್ತು ಲಕ್ಷದ್ದು ಬಹಳ ಮೆದು ದೊಡ್ಡಮ್ಮ, ವೈರನ್ನು ನೆಲಕ್ಕೆ ಹಿಡಿದು ಕೂರಿಸುವ ಶಕ್ತಿ ಅದಕ್ಕಿಲ್ಲ, ಪಕ್ಕದಲ್ಲಿ ಇಸ್ತ್ರಿಯ ಕರೆಂಟು ಮಿಸುಕಿದರೆ ಸಾಕು, ಕರೆದರು ಅಂದುಕೊಳ್ಳುತ್ತದೆ ಎಂದು ಪುಟ್ಟಿ ಬಿಡಿಸಿ ಹೇಳಿದಳು. ಕಿತ್ತಳೆ ಗೆರೆಯದನ್ನು ಹಾಕಿದಳು. ಇಸ್ತ್ರಿ ಪೆಟ್ಟಿಗೆ ಹತ್ತು ಸಲ ಹತ್ತಿ ಆರಿತು. ಬಜರ್ ಉಸಿರೆತ್ತಲಿಲ್ಲ.

"ಇನ್ಮೇಲೆ ಸುಮ್ಮನೆ ಮೆಟ್ಟಿಲು ಇಳಿಯೋದು ತಪ್ಪಿತು ನಿಮಗೆ," ಎಂದು ಹೇಳಿ ಹೋದಳು.

ಸೋಮವಾರ ನಾಲ್ಕು ಗಂಟೆಗೆ ಕತ್ತರಿಯಕ್ಕ ಇಸ್ತ್ರಿ ಮಾಡಿದಳು. ಗಂಟೆ ಕೂಗಲಿಲ್ಲ. ಮಂಗಳವಾರವೂ ಕೂಗಲಿಲ್ಲ. ಬುಧವಾರ ಇಸ್ತ್ರಿ ಮಾಡುತ್ತ ಮಾಡುತ್ತ ಕಿಟಕಿಯಾಚೆ ನೋಡಿದಳು. ಚಪ್ಪಲಿಯವನ ಪಕ್ಕದ ಸ್ಟೂಲು ಖಾಲಿ. ಗಂಟೆ ಕೂಗುತ್ತಿದ್ದ ದಿನಗಳಲ್ಲಿ ಹೆದರಿದ್ದಳು, ನಿಜ. ಈಗಿನದು ಹೆದರಿಕೆಯಲ್ಲ. ಮನೆಯಲ್ಲಿ ಒಬ್ಬರು ಮಾತು ಬಿಟ್ಟ ಹಾಗೆ. ಮಾತು ಬಿಡಿಸಿದವಳು ತಾನೇ, ಎರಡನೆಯ ಸಲ.

ಗುರುವಾರ ಮಧ್ಯಾಹ್ನ ಊಟ ಮುಗಿಸಿ, ಕೈ ಒರೆಸಿಕೊಂಡು, ಬೋರ್ಡಿನ ಮುಂದೆ ಕೂತಳು. ಕಿತ್ತಳೆ ಗೆರೆಯದನ್ನು ಕಿತ್ತು ಚೀಲಕ್ಕೆ ಹಾಕಿದಳು. ಹಸಿರು ಗೆರೆಯದನ್ನು ಅದೇ ಎರಡು ತೂತಿಗೆ ಸಿಕ್ಕಿಸಿದಳು. ಯಾರೂ ಹೇಳಿಕೊಡದೆ ಅವಳು ಮಾಡಿದ ಮೊದಲ ಕೆಲಸ ಅದು.

ನಾಲ್ಕಕ್ಕೆ ಇಸ್ತ್ರಿ ಪೆಟ್ಟಿಗೆ ಹಚ್ಚಿದಳು. ಅದು ಕಾಯಿತು. ಟಕ್ ಎಂದಿತು. ಬಜರ್ ಮೂರು ಸಲ ಕೂಗಿತು.

ಕತ್ತರಿಯಕ್ಕ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. ಹದಿನೆಂಟು ಮೆಟ್ಟಿಲನ್ನು ಬೈಯದೆ ಇಳಿದಳು. ಬಾಗಿಲಿನ ಎರಡೂ ಕದ ತೆಗೆದಳು. ಬಿಸಿಲು ಹೊಸಿಲಿನವರೆಗೆ ಬಂದು ನಿಂತಿತ್ತು. ಎದುರಿಗೆ ಚಪ್ಪಲಿಯವನ ಸುತ್ತಿಗೆ ಎತ್ತಿದ್ದು ಎತ್ತಿದಲ್ಲೇ ನಿಂತಿತು. ಅವಳಿಗೆ ಎಲ್ಲವೂ ಗೊತ್ತಿತ್ತು. ಕರೆಂಟಿನ ಪಟ್ಟಿ, ಪಕ್ಕದ ವೈರು, ಮೆದು ರೆಸಿಸ್ಟರ್, ಎಲ್ಲ. ಪ್ರೋಗ್ರಾಂ ಬರೆದವಳು ಅವಳೇ ಅಲ್ಲವೇ?

"ಬಾರೇ ಒಳಗೆ," ಅಂದಳು. "ಎಷ್ಟು ಹೊತ್ತು ಅಲ್ಲೇ ಕೂತಿರ್ತೀಯ?"

ಹಾಗೆಂದು ಗೋಡೆಗೆ ಸರಿದು, ಒಬ್ಬರು ದಾಟುವಷ್ಟು ದಾರಿ ಬಿಟ್ಟು ನಿಂತಳು.

ಸ್ವಲ್ಪ ಹೊತ್ತಿಗೆ ಮಹಡಿಯ ಮೇಲೆ, ಕೋಣೆಯೊಳಗೆ, ಗಂಟೆ ಮತ್ತೆ ಮೂರು ಸಲ ಕೂಗಿತು. ಕತ್ತರಿಯಕ್ಕ ಬೀದಿಯ ಕಡೆ ನೋಡಲಿಲ್ಲ. ಬಾಗಿಲು ಹಾಕಿಕೊಂಡು ಮೆಟ್ಟಿಲು ಹತ್ತಿದಳು.